ಮಾರ್ಕ್ಸ್ ಇಲ್ಲದ ವರ್ಷ

ಮೊನ್ನೆ ಟಿ. ನಗರಕ್ಕೆ ಸೀರೆ ತರಲು ಹೋಗಿದ್ದೆ. ಬೇಕಾಗಿರಲಿಲ್ಲ, ಆದರೂ ಹೋಗಿದ್ದೆ. ಬೀರುವಿನಲ್ಲಿ ಜಾಗವಿಲ್ಲ ಎಂದು ಸೊಸೆ ಹೇಳಿದ ಮೇಲೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಸೀರೆ ಕಟ್ಟಿಸಿಕೊಂಡು ಹೊರಡುವಾಗ ಅಂಗಡಿಯ ಹುಡುಗಿ ಮೊಬೈಲಿಗಿಂತ ಸ್ವಲ್ಪ ದೊಡ್ಡದಾದ ಹಲಗೆಯೊಂದನ್ನು ನನ್ನ ಮೂಗಿನ ಮುಂದೆ ಹಿಡಿದಳು. "ಮಾಮಿ, ನಮ್ಮ ಸರ್ವೀಸಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ?" ಎಂದು ತಮಿಳಿನಲ್ಲಿ ಕೇಳಿದಳು. "ಮಾರ್ಕ್ಸ್ ಬೇಡಮ್ಮಾ, ಒಂದು ವಾಕ್ಯ ಬರೆದುಕೊಡ್ತೀನಿ. ಈ ಹುಡುಗಿ ಬಣ್ಣ ಚೆನ್ನಾಗಿ ತೋರಿಸ್ತಾಳೆ, ಬಾರ್ಡರ್ ಬದಲಾಯಿಸು ಅಂದ್ರೆ ಮಾತ್ರ ಮುಖ ಸಿಂಡರಿಸ್ತಾಳೆ, ಅಂತ" ಎಂದೆ. ಪಾಪ, ಹುಡುಗಿ ಗಾಬರಿಯಾದಳು. "ಅದಕ್ಕೆಲ್ಲ ಇದರಲ್ಲಿ ಜಾಗ ಇಲ್ಲ ಮಾಮಿ" ಎಂದಳು.

ಮೆಟ್ಟಿಲಿಳಿದರೆ ಪಕ್ಕದ ಗಲ್ಲಿಯಿಂದ ಕಾಫಿಬೀಜ ಹುರಿಯುವ ವಾಸನೆ ಘಮ್ಮೆಂದು ಬಂತು. ಅಲ್ಲೇ ನಿಂತುಬಿಟ್ಟೆ. ನಾನು ಹದಿನೈದರ ಹುಡುಗಿಯಾಗಿದ್ದಾಗ, ಈಗ ಸೀರೆ ಅಂಗಡಿ ಇರುವ ಈ ಜಾಗದಲ್ಲಿ ಉಡುಪಿ ಕಡೆಯ ಅನಂತ ಭಟ್ಟರ ಹೋಟೆಲಿತ್ತು. ನನ್ನನ್ನು ಶಾಲೆಗೆ ಕಳಿಸುವುದೋ ಗಂಡನ ಮನೆಗೆ ಕಳಿಸುವುದೋ ಎಂಬ ಪ್ರಶ್ನೆ ಒಂದು ವರ್ಷ ಪೂರ್ತಿ ಇಡ್ಲಿ ಕಾಫಿಯ ಜೊತೆಗೆ ಚರ್ಚೆಯಾದದ್ದು ಆ ಹೋಟೆಲಿನ ಮೂಲೆಯ ಮೇಜಿನಲ್ಲೇ. ನಯಾ ಪೈಸೆ ಬಂದ ವರ್ಷ ಅದು.

ನಮ್ಮದು ತಂಜಾವೂರು ಕಡೆಯಿಂದ ಬಂದು ಮದರಾಸಿನಲ್ಲಿ ಮೂರು ತಲೆಮಾರು ಕಳೆದ ಮಾಧ್ವರ ಮನೆ. ನಾವು ಆಡುವುದು ಶುದ್ಧ ಕನ್ನಡ ಎಂದು ನಮ್ಮ ನಂಬಿಕೆ. ಬೆಂಗಳೂರಿನಿಂದ ಬಂದ ನೆಂಟರು ಮಾತ್ರ ಎರಡು ನಿಮಿಷ ಕೇಳಿ, "ಇವರದು ಯಾವ ಭಾಷೆ?" ಎಂದು ಪಿಸುಗುಟ್ಟುತ್ತಿದ್ದರು. ಅಪ್ಪ ವಾಸುದೇವರಾಯರು ಸರ್ಕಾರದ ಲೆಕ್ಕ ತಪಾಸಣೆಯ ಆಫೀಸಿನಲ್ಲಿದ್ದರು. ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ಅವರ ಉದ್ಯೋಗ. ಸಂಜೆ ಮನೆಗೆ ಬಂದ ಮೇಲೂ ಆ ಚಟ ಬಿಡುತ್ತಿರಲಿಲ್ಲ. ಹಾಲಿನವನು ಅವರ ಮುಖ ಕಂಡರೆ ಇನ್ನೊಂದು ಸ್ವಲ್ಪ ಹಾಲು ತಾನಾಗಿಯೇ ಹುಯ್ಯುತ್ತಿದ್ದ.

ಗಾದೆಯಲ್ಲಿ ಅಜ್ಜಿಗೆ ಅರಿವೆಯ ಚಿಂತೆ. ನಮ್ಮಜ್ಜಿಗೆ, ಅಂದರೆ ಅಪ್ಪನ ಅಮ್ಮನಿಗೆ, ಇದ್ದದ್ದು ನನ್ನ ಗಂಡನ ಚಿಂತೆ. ಜೂನ್ ತಿಂಗಳು ನಾನು ಫಿಫ್ತ್ ಫಾರಂಗೆ ಹೋಗುವ ಹೊತ್ತಿಗೆ ಅವರು ಹಟ ಹಿಡಿದು ಕೂತರು. ಫಿಫ್ತ್ ಫಾರಂ ಅಂದರೆ ಈಗಿನ ಹತ್ತನೇ ತರಗತಿ ಅನ್ನಿ. ಅದರ ಮೇಲೆ ಸಿಕ್ಸ್ತ್ ಫಾರಂ, ಅದು ಮುಗಿದರೆ ಎಸ್‌ಎಸ್‌ಎಲ್‌ಸಿ, ಆಮೇಲೆ ಕಾಲೇಜು.

"ವಾಸೂ, ಹುಡುಗಿಗೆ ಹದಿನೈದು ತುಂಬಿತು. ಓದಿದ್ದು ಪೋದುಂ, ಸಾಕು. ಕೊಂಬು ಬರೋಕೆ ಮುಂಚೆ ಕಳಿಸಿಬಿಡು" ಎಂದರು ಅಜ್ಜಿ.

"ಇನ್ನೆರಡು ವರ್ಷ ಓದಲಿ, ಎಸ್‌ಎಸ್‌ಎಲ್‌ಸಿ ಆಗಲಿ" ಎಂದಳು ಅಮ್ಮ. ಅತ್ತೆಯ ಎದುರಿಗೆ ಅಮ್ಮ ಬಾಯಿ ಬಿಟ್ಟದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಜ್ಜಿಯೂ ಅವತ್ತೇ ಮೊದಲು ನೋಡಿದ್ದಿರಬೇಕು, ಕೈಯಲ್ಲಿದ್ದ ಎಲೆ ಅಡಿಕೆ ಬಾಯಿಗೆ ಹೋಗದೆ ಹಾಗೇ ನಿಂತಿತು.

ಹೆತ್ತವಳೊಂದು ಕಡೆ, ಕಟ್ಟಿಕೊಂಡವಳೊಂದು ಕಡೆ. ಅಪ್ಪ ಅಡಕತ್ತರಿಯಲ್ಲಿ ಸಿಕ್ಕಿದರು. ಯೋಚನೆ ಮಾಡಿ ತೀರ್ಪು ಕೊಟ್ಟರು: "ಈ ವರ್ಷ ವಾರಿಜಾ ಕ್ಲಾಸಿಗೆ ಫಸ್ಟ್ ಬಂದರೆ ಮುಂದಕ್ಕೆ ಓದಲಿ. ಬರದಿದ್ರೆ ಮದುವೆ. ಈ ಫೈಲು ಇಲ್ಲಿಗೆ ಕ್ಲೋಸ್."

ನನಗೆ ಅಳು ಬಂತು. ಯಾಕೆಂದರೆ ಫಸ್ಟ್ ಫಾರಂನಿಂದಲೂ ನಾನು ಸೆಕೆಂಡ್. ಫಸ್ಟ್ ಬರುತ್ತಿದ್ದವಳು ಅನಂತ ಭಟ್ಟರ ಮಗಳು ಸುಮತಿ. ನಾನು ಬೆಳಗಿನ ಜಾವ ಎದ್ದು ಓದಿದರೂ ಸೆಕೆಂಡ್, ಜ್ವರ ಬಂದು ಮಲಗಿದರೂ ಸೆಕೆಂಡ್. ಅವಳ ಹಿಂದೆ ನಾನು ಒಂದೋ ಎರಡೋ ಮಾರ್ಕಿನ ದೂರದಲ್ಲಿ ಬಾಲದ ಹಾಗೆ ಹೋಗುತ್ತಲೇ ಇದ್ದೆ. ನಮ್ಮ ಶಾಲೆಯಿದ್ದ ಇಡೀ ನುಂಗಂಬಾಕ್ಕಂನಲ್ಲಿ ನಾನು ಮನಸಾರೆ ದ್ವೇಷಿಸುತ್ತಿದ್ದ ಒಂದೇ ಜೀವ ಅದು. ಪರೀಕ್ಷೆಯಲ್ಲಿ ನನಗೆ ಕಾಣದಂತೆ ಅವಳು ಉತ್ತರದ ಮೇಲೆ ಶಾಯಿ ಹೀರುವ ಒತ್ತುಕಾಗದ ಮುಚ್ಚಿಕೊಂಡು ಬರೆಯುತ್ತಿದ್ದಳು, ಪಿಶಾಚಿ.

ಹೀಗಿರುವಾಗ ನಮ್ಮ ಶಾಲೆಗೆ ಹೊಸ ಹೆಡ್‌ಮಿಸ್ಟ್ರೆಸ್ ಬಂದರು, ಜ್ಞಾನಸುಂದರಿ ಅಮ್ಮಾಳ್ ಅಂತ. ಒಂದು ವರ್ಷ ವಿಲಾಯಿತಿಯಲ್ಲಿ ಓದಿ ಬಂದವರು. ಕೈಮಗ್ಗದ ಸೀರೆ, ಗಂಡಸರ ಕೈಗಡಿಯಾರ, ಮಾತು ಮೆತ್ತಗೆ. ಬಂದ ವಾರವೇ ಪ್ರಾರ್ಥನೆ ಮುಗಿದ ಮೇಲೆ ಮುಂದೆ ಬಂದು ನಿಂತು ಹೇಳಿದರು: ಈ ವರ್ಷ ಈ ಶಾಲೆಯಲ್ಲಿ ಮಾರ್ಕ್ಸ್ ಇಲ್ಲ, ರ‍್ಯಾಂಕ್ ಇಲ್ಲ. ಸಿಕ್ಸ್ತ್ ಫಾರಂನವರಿಗೆ ಸರ್ಕಾರದ ಪರೀಕ್ಷೆ ಇರುವುದರಿಂದ ಅವರದು ಅವರ ಕರ್ಮ. ಮಿಕ್ಕವರಿಗೆ ಪರೀಕ್ಷೆ ಇರುತ್ತದೆ, ಆದರೆ ಟೀಚರುಗಳು ಅಂಕೆಯ ಬದಲು ಪ್ರತಿ ಹುಡುಗಿಯ ಬಗ್ಗೆ ವಾಕ್ಯಗಳನ್ನು ಬರೆಯುತ್ತಾರೆ.

ಹಿಂದಿನ ಸಾಲಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಾನು ಸೆಕೆಂಡ್ ಬರುವುದು ತಪ್ಪಿತು, ಸರಿ. ಫಸ್ಟ್ ಬರುವುದೂ ತಪ್ಪಿತಲ್ಲ! ಗೆಲ್ಲದಿದ್ದರೆ ಮದುವೆ ಎಂದು ಪಂದ್ಯ ಕಟ್ಟಿ ಆಟವನ್ನೇ ನಿಲ್ಲಿಸಿಬಿಟ್ಟರೆ ಏನು ಗತಿ?

ಮನೆಯಲ್ಲಿ ಹೇಳಿದೆ. ಅಪ್ಪ ನಾಲ್ಕು ಸಲ ಹೇಳಿಸಿ ಕೇಳಿದರು. "ಅಂಕೆ ಇಲ್ಲದೆ ರಿಪೋರ್ಟಾ? ಟೋಟಲ್ ಎಲ್ಲಿ ಹಾಕ್ತಾರೆ?" ಎಂದರು. ಅವರಿಗೆ ನನ್ನ ಮದುವೆಗಿಂತ ಟೋಟಲಿನದೇ ದೊಡ್ಡ ಚಿಂತೆಯಾಯಿತು.

ಐಪ್ಪಸಿ ಮಾಸದ, ಅಂದರೆ ಅಕ್ಟೋಬರ್ ನವೆಂಬರಿನ, ಮಳೆ ಹಿಡಿಯಿತು. ಮದರಾಸಿನ ಮಳೆ ಗೊತ್ತಲ್ಲ, ಒಂಬತ್ತು ತಿಂಗಳು ಮುಖ ತೋರಿಸುವುದಿಲ್ಲ, ಬಂದರೆ ಬಾಡಿಗೆ ಮನೆಯವರ ಹಾಗೆ ಸಾಮಾನು ಸಮೇತ ಬರುತ್ತದೆ. ರಸ್ತೆಗಳಲ್ಲಿ ಮೊಣಕಾಲುದ್ದ ನೀರು. ಬಸ್ಸಿಲ್ಲದೆ ಎಷ್ಟೋ ಸಂಜೆ ನಾನೂ ಸುಮತಿಯೂ ಶಾಲೆಯ ಜಗಲಿಯಲ್ಲೇ ಕೂರಬೇಕಾಗುತ್ತಿತ್ತು. ಮೊದಲ ದಿನ ಬೆನ್ನಿಗೆ ಬೆನ್ನು ಹಾಕಿ ಕೂತೆವು. ಮರುದಿನ ಅವಳು ಹೋಟೆಲಿನಿಂದ ತಂದ ಗೋಳಿಬಜೆಯನ್ನು ಮುಂದೆ ಚಾಚಿದಳು. ತಿಂದೆ. ತಿಂದ ಮೇಲೆ ಮಾತಾಡದಿದ್ದರೆ ಚೆನ್ನಾಗಿರುವುದಿಲ್ಲ ಎಂದು, "ಆ ಮೂರನೇ ಲೆಕ್ಕ ನಿನಗೆ ಬಂತಾ?" ಎಂದೆ.

"ಹೇಳಿಕೊಡುದಾ?" ಎಂದಳು ಸುಮತಿ. "ಈಗ ನಾನು ಹೇಳಿಕೊಟ್ರೆ ನನಗೆಂತದೂ ನಷ್ಟ ಇಲ್ಲ ಅಲ್ವನಾ?"

ನಿಜ, ನಷ್ಟವಿರಲಿಲ್ಲ. ಐದು ವರ್ಷ ನನಗೆ ತಲೆಗೆ ಹತ್ತದ ಬೀಜಗಣಿತ ಆ ಜಗಲಿಯಲ್ಲಿ ನೆಂದ ಲಂಗದ ಅಂಚು ಹಿಂಡಿಕೊಳ್ಳುತ್ತಾ ಹತ್ತಿತು. ಪ್ರತಿಯಾಗಿ ಅವಳಿಗೆ ಭೂಗೋಳದ ನಕಾಶೆ ಬಿಡಿಸುವುದನ್ನು ಕಲಿಸಿದೆ. ಅವಳು ಬಿಡಿಸಿದ ಸಿಲೋನು ಯಾವಾಗಲೂ ಬದನೆಕಾಯಿಯ ಹಾಗಿರುತ್ತಿತ್ತು. ಅವಳು ಒಳ್ಳೆಯ ಹುಡುಗಿ ಎಂದು ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕ್ರಿಸ್‌ಮಸ್ ರಜೆಗೆ ಮುಂಚೆ ಅರ್ಧವರ್ಷದ ರಿಪೋರ್ಟು ಬಂತು. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. "ವಾರಿಜಾ ಚೆನ್ನಾಗಿ ಓದುತ್ತಾಳೆ. ಆದರೆ ಓದಿದ್ದನ್ನೆಲ್ಲ ನಂಬುವುದಿಲ್ಲ." ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆಳಕಿಗೆ ಹಿಡಿದೂ ನೋಡಿದರು. ಆಗ ಅವರ ಜೇಬಿನಲ್ಲಿ ಆಣೆಯನ್ನು ನಯಾ ಪೈಸೆಗೆ ಪರಿವರ್ತಿಸುವ ಪಟ್ಟಿಯೊಂದು ಸದಾ ಇರುತ್ತಿತ್ತು, ಎಲ್ಲರ ಜೇಬಿನಲ್ಲೂ ಇರುತ್ತಿತ್ತು. ಅದನ್ನು ನೋಡಿದ ಅಪ್ಪನಿಗೆ ತಟ್ಟನೆ ಉಪಾಯ ಹೊಳೆಯಿತು. ಆಣೆಯನ್ನು ಪೈಸೆ ಮಾಡಬಹುದಾದರೆ ಮಾತನ್ನು ಮಾರ್ಕು ಮಾಡಲಿಕ್ಕೇನು ದಾಡಿ?

ಭಾನುವಾರ ಬೆಳಿಗ್ಗೆ ಭಟ್ಟರ ಹೋಟೆಲಿನ ಮೂಲೆಯ ಮೇಜಿಗೆ ಹೋಗಿ ಕೂತರು. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೋದರು. ಭಟ್ಟರು ಮಗಳ ರಿಪೋರ್ಟು ತಂದರು. "ಸುಮತಿ ತನ್ನ ಲೆಕ್ಕ ಮುಗಿಸಿ ಪಕ್ಕದವರ ಲೆಕ್ಕವನ್ನೂ ಮಾಡಿಬಿಡುತ್ತಾಳೆ. ತಡೆಯಬೇಕು, ಆದರೆ ತಡೆಯಲು ಮನಸ್ಸು ಬರುವುದಿಲ್ಲ."

"ಎಂತ ಮಾರಾಯ್ರೇ, ಇದು ಹೊಗಳಿದ್ದಾ ಬೈದದ್ದಾ?" ಎಂದರು ಭಟ್ಟರು.

"ಅದಕ್ಕೇ ಪಟ್ಟಿ ಮಾಡೋಣ ಅಂತ" ಎಂದು ಅಪ್ಪ ಪೆನ್ನಿನ ಮುಚ್ಚಳ ತೆಗೆದರು. "'ಚೆನ್ನಾಗಿ' ಅಂದ್ರೆ ಎಪ್ಪತ್ತು. 'ಪರವಾಗಿಲ್ಲ' ಅಂದ್ರೆ ನಲವತ್ತೈದು. 'ಪ್ರಯತ್ನಪಡುತ್ತಾಳೆ' ಅಂದ್ರೆ ಪಾಪ, ಮೂವತ್ತೈದು ಹಾಕಿ ಪಾಸು ಮಾಡೋಣ. 'ಬಹಳ' ಅಂತ ಸೇರಿಸಿದ್ರೆ ಐದು ಜಾಸ್ತಿ. 'ಆದರೆ' ಬಂದ್ರೆ ಹತ್ತು ಕಮ್ಮಿ."

"ನಮ್ಮ ಸುಮತಿಗೂ ಒಂದು 'ಆದರೆ' ಇದೆಯಲ್ಲ ರಾಯರೇ, ಅದು ಒಳ್ಳೆ 'ಆದರೆ' ಅಲ್ವಾ? ಅದಕ್ಕೂ ಹತ್ತು ಕಳೆಯುದಾ?"

"ರೂಲ್ ಅಂದ್ರೆ ರೂಲ್ ಭಟ್ರೇ."

"ಹೋಗ್ಲಿ ಬಿಡಿ. ನನ್ನ ಸಾಂಬಾರಿಗೆ ನೀವು ಎಷ್ಟು ಕೊಡ್ತೀರಿ?"

"ಚೆನ್ನಾಗಿದೆ. ಆದರೆ ಬೆಲ್ಲ ಜಾಸ್ತಿ."

"ಹಾಗಾದ್ರೆ ಅರವತ್ತು" ಎಂದು ಭಟ್ಟರು ಹೊಟ್ಟೆ ಕುಲುಕಿಸಿ ನಕ್ಕರು. "ಅರವತ್ತು ಅಂತ ಹೇಳಿದ್ರೆ ನಾನೆಂತ ಮಾಡ್ಲಿ? ಬೆಲ್ಲ ಜಾಸ್ತಿ ಅಂದ್ರೆ ನಾಳೆ ಕಮ್ಮಿ ಹಾಕ್ತೇನೆ."

ಅಪ್ಪನಿಗೆ ನಗು ಬರಲಿಲ್ಲ. ಅವರ ಲೆಕ್ಕದಲ್ಲಿ ನನಗೆ ಅರವತ್ತು ಬಂದಿತ್ತು, ಸುಮತಿಯದು ಪಟ್ಟಿಗೇ ಸಿಕ್ಕಿರಲಿಲ್ಲ. ಯಾರು ಫಸ್ಟ್? ಸೋಮವಾರ ಅರ್ಧ ದಿನ ರಜೆ ಹಾಕಿ ನನ್ನನ್ನು ಕರೆದುಕೊಂಡು ನೇರವಾಗಿ ಹೆಡ್‌ಮಿಸ್ಟ್ರೆಸ್ಸಮ್ಮನ ಕೋಣೆಗೇ ಹೋದರು.

"ಅಮ್ಮಾ, ಮಾರ್ಕ್ಸ್ ಬೇಡ. ರ‍್ಯಾಂಕ್ ಮಾತ್ರ ಹೇಳಿ ಸಾಕು. ಯಾರಿಗೂ ಹೇಳಲ್ಲ" ಎಂದು ದನಿ ತಗ್ಗಿಸಿದರು.

ಜ್ಞಾನಸುಂದರಿ ಅಮ್ಮಾಳ್ ಕನ್ನಡಕ ತೆಗೆದಿಟ್ಟರು. "ರಾವ್ ಸಾರ್, ನಿಮ್ಮ ಮನೆಯಲ್ಲಿ ನಿಮ್ಮ ಹೆಂಡತಿ ಎಷ್ಟನೇ ರ‍್ಯಾಂಕ್?"

ಅಪ್ಪ ಬೆಚ್ಚಿಬಿದ್ದರು. "ಅಮ್ಮಾ, ನನಗೆ ಇರೋದೇ ಒಬ್ಬಳು!"

"ಈ ಹುಡುಗಿಯೂ ನಮ್ಮಲ್ಲಿ ಇರೋದು ಒಬ್ಬಳೇ ಸಾರ್" ಎಂದರು ಆಕೆ, ಕನ್ನಡಕ ಹಾಕಿಕೊಂಡು.

ಅಪ್ಪ ಮನೆಗೆ ಬಂದು ಅಮ್ಮನ ಮುಖವನ್ನು ಸುಮಾರು ಹೊತ್ತು ನೋಡಿದರಂತೆ. "ಯಾಕ್ರೀ, ಮೈ ಸರಿ ಇಲ್ವಾ?" ಎಂದು ಅಮ್ಮ ಮೆಣಸಿನ ಕಷಾಯ ಮಾಡಿಕೊಟ್ಟಳು.

ಏಪ್ರಿಲ್‌ನಲ್ಲಿ ವರ್ಷದ ಕೊನೆಯ ರಿಪೋರ್ಟು ಬಂತು. ಬರೆದವರು ನಮ್ಮ ಕ್ಲಾಸ್ ಟೀಚರ್ ಅಲಮೇಲು. "ವಾರಿಜಾ ಒಂದು ಪ್ರಶ್ನೆ ಹಿಡಿದರೆ ಸರಿಯಾದ ಉತ್ತರ ಸಿಗುವವರೆಗೆ ಬಿಡುವುದಿಲ್ಲ. ಅವಳಿಂದಾಗಿ ನಾನೂ ಈ ವರ್ಷ ಮತ್ತೆ ಓದಲು ಕೂತೆ. ಅವಳಿಗೆ ನನ್ನ ಕೃತಜ್ಞತೆ."

ಅಪ್ಪ ಪಟ್ಟಿ ತೆಗೆದರು. 'ಚೆನ್ನಾಗಿ' ಇಲ್ಲ. 'ಬಹಳ' ಇಲ್ಲ. 'ಆದರೆ' ಕೂಡ ಇಲ್ಲ. ಅವರ ಪಟ್ಟಿಯ ಒಂದು ಮಾತೂ ಅದರಲ್ಲಿರಲಿಲ್ಲ. ಟೀಚರು ಶಿಷ್ಯೆಗೆ ಕೃತಜ್ಞತೆ ಹೇಳಿದರೆ ಎಷ್ಟು ಮಾರ್ಕ್ಸ್? ಅವರ ಸರ್ವಿಸಿನಲ್ಲೇ ಇಂಥ ಕೇಸು ಬಂದಿರಲಿಲ್ಲ. ಆದರೆ ಅವರು ಆ ಹಾಳೆಯನ್ನು ಆಫೀಸಿಗೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೋರಿಸಿ ಬಂದದ್ದು ಮಾತ್ರ ನಿಜ. ನಾನು ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ. "ಹಾಗಾದ್ರೆ ವಾರಿಜಾ ಮುಂದಕ್ಕೆ ಓದಬಹುದಾ?" ಎಂದಳು ಅಮ್ಮ. "ಷರತ್ತು ಪೂರೈಸಿಲ್ಲ, ಮೀರಿಯೂ ಇಲ್ಲ. ಪೆಂಡಿಂಗ್" ಎಂದರು ಅಪ್ಪ.

ಪೆಂಡಿಂಗ್ ಎಂದದ್ದೇ ಅಜ್ಜಿಗೆ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಅವರ ಪಾಲಿಗೆ ಫಸ್ಟ್ ಬರಲಿಲ್ಲ ಎಂದರೆ ಬರಲಿಲ್ಲ, ಅಷ್ಟೇ. ಕುಂಭಕೋಣದ ಒಂದು ಸಂಬಂಧವನ್ನು ಮೊದಲೇ ನೋಡಿಟ್ಟುಕೊಂಡಿದ್ದರು. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ, ಬಿ.ಎ. ಪಾಸು. ಜಾತಕ ತರಿಸಿದರು, ಜೋಯಿಸರು ಕೂಟ ಎಣಿಸಿ ಮೂವತ್ತಾರಕ್ಕೆ ಇಪ್ಪತ್ತೆಂಟು ಎಂದರು. ಅಪ್ಪ ಅಭ್ಯಾಸಬಲದಿಂದ ಲೆಕ್ಕ ಹಾಕಿ, "ಎಪ್ಪತ್ತೇಳು ಪರ್ಸೆಂಟ್! ಡಿಸ್ಟಿಂಕ್ಷನ್!" ಎಂದುಬಿಟ್ಟರು. "ನೋಡಿದಿಯಾ, ಶಾಲೇಲಿ ಕೊಡದ ಮಾರ್ಕು ನಮ್ಮ ಜೋಯಿಸರು ಕೊಟ್ರು" ಎಂದರು ಅಜ್ಜಿ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸುಮತಿಯ ಹತ್ತಿರ ಹೋಗಿ ಅತ್ತೆ. ಅವಳೂ ಅತ್ತಳು. ಅತ್ತು ಮುಗಿದ ಮೇಲೆ ಇಬ್ಬರೂ ಗೋಳಿಬಜೆ ತಿಂದೆವು.

ಮೇ ತಿಂಗಳು, ಮದರಾಸಿನವರು ಕತ್ತಿರಿ ಎನ್ನುವ ಉರಿಬಿಸಿಲು. ಗೋಡೆ ಮುಟ್ಟಿದರೆ ಕೈ ಸುಡುವಂಥ ಮಧ್ಯಾಹ್ನ ಅವರು ಬಂದರು: ಹುಡುಗ, ಹುಡುಗನ ತಂದೆ, ತಾಯಿ ಪದ್ಮಾವತಿ ಬಾಯಿ. ನಾನು ಅಮ್ಮನ ಮದುವೆಯ ಕೂರೈ ಸೀರೆಯಲ್ಲಿ ಬೆವೆತು ನೀರಾಗಿ ಸಿಹಿ ಸೊಜ್ಜಿ, ಬಜ್ಜಿ ಹಂಚಿದೆ, ನಮಸ್ಕಾರ ಮಾಡಿದೆ, ಒಂದು ದೇವರನಾಮ ಹಾಡಿದೆ. ಹುಡುಗ ಕೆಟ್ಟವನೇನಲ್ಲ. ಬಜ್ಜಿಯ ಮೇಲೆ ಅವನಿಗಿದ್ದ ಶ್ರದ್ಧೆ ಕಂಡರೆ ಮನೆಯಲ್ಲಿ ಊಟ ಸರಿಯಿಲ್ಲವೇನೋ ಅನ್ನಿಸುತ್ತಿತ್ತು.

"ನಮ್ಮ ಹುಡುಗಂಗೆ ಬಿ.ಎ.ಲಿ ಅರವತ್ತೆರಡು ಪರ್ಸೆಂಟ್. ಹುಡುಗಿಗೆ ಎಷ್ಟು?" ಎಂದರು ಪದ್ಮಾವತಿ ಬಾಯಿ.

ಅಜ್ಜಿ ಅಪ್ಪನ ಕಿವಿಯ ಹತ್ತಿರ ಬಗ್ಗಿದರು. ಪಿಸುಮಾತು ಎಂದು ಅವರು ತಿಳಿದುಕೊಂಡದ್ದು ನಾವೆಲ್ಲ ಕೇಳಿದೆವು. "ಅರವತ್ತು ಅಂತ ಹೇಳೋ. ಹುಡುಗಂಗಿಂತ ಎರಡು ಕಮ್ಮಿ ಇರಲಿ."

"ವೌಚರ್ ಇಲ್ಲದೆ ಹೇಗಮ್ಮಾ ಹೇಳೋದು?" ಎಂದರು ಅಪ್ಪ. ಸುಳ್ಳು ಅಂಕೆ ಹೇಳುವುದಕ್ಕಿಂತ ಅವರು ಪ್ರಾಣ ಬಿಟ್ಟಾರು. ಎದ್ದು ಹೋಗಿ ಬೀರುವಿನಿಂದ ರಿಪೋರ್ಟು ತಂದರು. ಗಂಟಲು ಸರಿ ಮಾಡಿಕೊಂಡು, ಸಂಧ್ಯಾವಂದನೆಗೂ ತೋರಿಸದ ಭಕ್ತಿಯಿಂದ ಅದನ್ನು ಓದಿ, ಒಂದೊಂದು ವಾಕ್ಯಕ್ಕೂ ಕನ್ನಡದಲ್ಲಿ ಅರ್ಥ ಹೇಳಿದರು. ಮುಗಿಸಿ ಹೆಮ್ಮೆಯಿಂದ ಸುತ್ತ ನೋಡಿದರು.

ಹುಡುಗನ ಬಾಯಿಯ ಹತ್ತಿರ ಹೋಗಿದ್ದ ಬಜ್ಜಿ ಅಲ್ಲೇ ನಿಂತಿತ್ತು.

"ಉತ್ತರ ಸಿಗೋ ತನಕ ಬಿಡಲ್ವಾ?" ಎಂದರು ಪದ್ಮಾವತಿ ಬಾಯಿ ಮೆಲ್ಲಗೆ. "ಯಾರನ್ನ?"

"ಯಾರನ್ನೂ ಬಿಡಲ್ಲ!" ಎಂದರು ಅಪ್ಪ. "ಟೀಚರನ್ನೇ ಬಿಟ್ಟಿಲ್ಲ ನೋಡಿ!"

ಆಮೇಲೆ ಕಾಫಿ ಬೇಗ ಮುಗಿಯಿತು. ಊರಿಗೆ ಹೋಗಿ ಪತ್ರ ಬರೆಯುತ್ತೇವೆ ಎಂದರು. ಕುಂಕುಮ ತೆಗೆದುಕೊಂಡು ಮೆಟ್ಟಿಲಿಳಿಯುವಾಗ ಪದ್ಮಾವತಿ ಬಾಯಿ ಅಜ್ಜಿಯ ಕೈ ಹಿಡಿದುಕೊಂಡರು. "ಹುಡುಗಿ ಲಕ್ಷಣವಾಗಿದಾಳೆ. ತಪ್ಪು ತಿಳಿಬೇಡಿ. ನಮ್ಮನೇಲಿ ಅಷ್ಟೊಂದು ಉತ್ತರ ಇಲ್ಲಮ್ಮಾ."

ಅವರ ಜಟಕಾ ತಿರುವು ದಾಟಿದ್ದೇ ತಡ ಅಜ್ಜಿ ಶುರುಮಾಡಿದರು. "ಕೈಗೆ ಬಂದ ತುತ್ತು! ಅರವತ್ತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

"ಅದರಲ್ಲಿ ತಪ್ಪೇನಿದೆ ಅಂತ!" ಅಪ್ಪ ಅಂಗಳದಲ್ಲಿ ಶತಪಥ ಹಾಕತೊಡಗಿದರು. ಮುಖ ಕೆಂಪಗಾಗಿತ್ತು. ಅವರು ಅಷ್ಟು ನೊಂದದ್ದನ್ನು ನಾನು ನೋಡಿರಲಿಲ್ಲ. "ಉತ್ತರ ಸಿಗೋ ತನಕ ಕೇಳೋದು ತಪ್ಪಾ? ಆಫೀಸಲ್ಲಿ ನಾನು ಮಾಡೋದೂ ಅದೇ. ಅದಕ್ಕೇ ನನಗೆ ಸಂಬಳ ಕೊಡೋದು!"

"ಆಮಾ, ಹೌದು, ಅದಕ್ಕೇ ನಿನ್ನ ಯಾರೂ ಊಟಕ್ಕೆ ಕರಿಯೋದಿಲ್ಲ" ಎಂದು ಅಜ್ಜಿ ಒಳಗೆ ಹೋದರು.

ಅಪ್ಪ ಬೀಸಣಿಗೆ ಹಿಡಿದು ತಿಣ್ಣೆಯ ಮೇಲೆ ಕೂತರು. ನಾನು ತಟ್ಟೆಗಳನ್ನು ಎತ್ತುತ್ತಿದ್ದೆ. ಎದೆ ಹಗುರವಾಗಿತ್ತು, ಭಯವೂ ಇತ್ತು. ಕುಂಭಕೋಣ ಹೋದರೆ ಮಧುರೆಯವರು ಬರುತ್ತಾರೆ, ಗಂಡುಗಳಿಗೇನು ಬರಗಾಲ?

"ಅಲ್ಲಡೀ ವಾರಿಜಾ" ಎಂದರು ಅಪ್ಪ. "ಆ ಟೀಚರಮ್ಮನ್ನ ಏನು ಕೇಳಿದಿ ನೀನು?"

ಅಷ್ಟು ವರ್ಷ ಶಾಲೆಗೆ ಹೋಗಿ ಬಂದಿದ್ದೆ, ಎಷ್ಟು ಬಂತು ಎಂದು ಪ್ರತಿ ಸಲ ಕೇಳಿದ್ದರು, ಏನು ಎಂದು ಅವರು ಕೇಳಿದ್ದು ಅದೇ ಮೊದಲು.

"ಮಳೆ ವಿಷಯ ಅಪ್ಪಾ" ಎಂದೆ. "ಜೂನಲ್ಲಿ ದೇಶಕ್ಕೆಲ್ಲ ಮಳೆ ಬರುತ್ತೆ ಅಂತ ಪುಸ್ತಕದಲ್ಲಿದೆ. ಜೂನಲ್ಲಿ ನಮ್ಮ ಬಾವೀಲಿ ಕೊಡ ಮುಳುಗಲ್ಲ. ಪುಸ್ತಕ ಸುಳ್ಳಾ, ಬಾವಿ ಸುಳ್ಳಾ ಅಂತ ಕೇಳಿದೆ."

"ಸರಿಯಾಗೇ ಕೇಳಿದಿ. ಏನಂದ್ರು?"

"ಮೊದಲು ಕೂತ್ಕೋ ಅಂದ್ರು. ನಾನು ಮಾರನೇ ದಿನಾನೂ ಕೇಳಿದೆ. ಆಮೇಲೆ ಅವರೇ ಲೈಬ್ರರಿಗೆ ಹೋಗಿ ನೋಡಿ ಬಂದು ಹೇಳಿದ್ರು. ಮೋಡ ಬರೋದು ಪಶ್ಚಿಮದ ಕಡಲಿಂದ. ನಡುವೆ ಘಟ್ಟ ಇದೆ. ನೀರೆಲ್ಲ ಆ ಕಡೇನೇ ಸುರಿದು, ನಮ್ಮ ಕಡೆಗೆ ಬರೋ ಹೊತ್ತಿಗೆ ಬರೀ ಗಾಳಿ. ಐಪ್ಪಸೀಲಿ ಗಾಳಿ ತಿರುಗಿ ನಮ್ಮ ಕಡಲ ಮೇಲಿಂದ ಬರುತ್ತೆ, ಆಗ ನಮಗೆ ಮಳೆ."

ಅಪ್ಪನ ಬೀಸಣಿಗೆ ನಿಂತಿತು. ಬಿಸಿಲಿಗೆ ಬೆಳ್ಳಗಾದ ಆಕಾಶವನ್ನು ಒಂದಷ್ಟು ಹೊತ್ತು ನೋಡಿದರು. "ಸರಿ. ಆ ಗಾಳಿ ಐಪ್ಪಸೀಲಿ ಯಾಕೆ ತಿರುಗುತ್ತೆ? ತಿರುಗು ಅಂತ ಅದಕ್ಕೆ ಹೇಳೋರ್ಯಾರು?"

"ನಾನೂ ಅದನ್ನೇ ಕೇಳಿದೆ. ಅದು ಸಿಕ್ಸ್ತ್ ಫಾರಂ ಪಾಠ ಅಂತೆ."

ಒಳಗಿನಿಂದ ಅಜ್ಜಿ ಮಧುರೆಯವರಿಗೆ ಯಾವತ್ತು ಬರಹೇಳಲಿ ಎಂದು ಕೂಗಿ ಕೇಳುತ್ತಿದ್ದರು. ಅಪ್ಪ ಅತ್ತ ತಿರುಗಲಿಲ್ಲ.

"ಹಾಗಾದ್ರೆ ಹೋಗಿ ತಿಳ್ಕೊಂಡು ಬಂದು ನನಗೆ ಹೇಳು" ಎಂದರು. "ಹುಟ್ಟಿದಾಗಿಂದ ಈ ಊರಲ್ಲಿ ನೆನೀತಾ ಇದೀನಿ. ಯಾಕೆ ಅಂತ ಒಬ್ಬರೂ ಹೇಳಿಲ್ಲ."